ಇಳಿಯೋ ಕ್ಯಾಸೆಟ್ಟು

ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯ ವಾಸನೆ ಬಂದರೆ ಸಾಮಾನ್ಯವಾಗಿ ಜನಕ್ಕೆ ಇಂಜೆಕ್ಷನ್ ನೆನಪಾಗುತ್ತದೆ. ನನಗೆ ಟೇಪ್‌ರೆಕಾರ್ಡರ್ ನೆನಪಾಗುತ್ತದೆ. ಹೋದ ತಿಂಗಳು ಬಂಗಾರಪೇಟೆಯ ಕಿವಿ ಡಾಕ್ಟರ ಕ್ಲಿನಿಕ್ಕಿನಲ್ಲಿ, ಬಚ್ಚಲುಮನೆಯಷ್ಟೇ ಅಗಲವಿದ್ದ ಗಾಜಿನ ಕೋಣೆಯೊಳಗೆ ಕೂರಿಸಿ, ಪರೀಕ್ಷೆ ಮಾಡುವ ಹುಡುಗಿ ಹೆಡ್‌ಫೋನನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ನನ್ನ ತಲೆಗೆ ಸಿಕ್ಕಿಸಿದಾಗಲೂ ಹಾಗೇ ಆಯಿತು...

ಅಲ್ಲಿಗೆ ಯಾಕೆ ಹೋಗಿದ್ದೆ ಎಂದು ಹೇಳಬೇಕು. ನಾನು ಗಣಿತದ ಮೇಷ್ಟ್ರು. ಆರು ತಿಂಗಳಿಂದ ಹಿಂದಿನ ಬೆಂಚಿನ ಹೆಣ್ಣುಮಕ್ಕಳು ಏನು ಕೇಳಿದರೂ ಎರಡೆರಡು ಸಲ ಹೇಳಿಸುತ್ತಿದ್ದೆ. ಬೇರೆಯವರಾಗಿದ್ದರೆ ಕಿವಿಯಲ್ಲಿ ಗುಗ್ಗೆ ತುಂಬಿದೆ ಎಂದುಕೊಳ್ಳುತ್ತಿದ್ದರು. ನಾನು ಮೆದುಳಿನಲ್ಲಿ ಗಡ್ಡೆ ಎಂದು ತೀರ್ಮಾನಿಸಿ, ಯಾವ ಆಸ್ಪತ್ರೆ, ಯಾರು ಜೊತೆಗಿರಬೇಕು, ಹತ್ತನೇ ಕ್ಲಾಸಿನ ಪಾಠ ಯಾರು ಮುಗಿಸಬೇಕು ಎಂಬಲ್ಲಿಯವರೆಗೆ ಯೋಚನೆ ಮುಗಿಸಿಟ್ಟಿದ್ದೆ.

"ಸಾರ್, ಸೌಂಡ್ ಕೇಳ್ಸಿದ ತಕ್ಷಣ ಬೆರಳು ಎತ್ತಿ. ಎಷ್ಟು ಸಣ್ಣಗೆ ಕೇಳ್ಸಿದ್ರೂ ಸರಿ," ಎಂದಳು ಆ ಹುಡುಗಿ.

ಬೆರಳು ಎತ್ತುವ ಕೆಲಸ ನನಗೆ ಹೊಸದಲ್ಲ. ಮೂವತ್ತು ವರ್ಷದ ಹಿಂದೆ ಚಿನ್ನದ ಗಣಿಯ ಊರಿಗಾಂನಲ್ಲಿ ಒಬ್ಬರ ಎದುರು ಕೂತು, ಒಂದು ಹಾಡಿನ ಒಂದೇ ಒಂದು ಜಾಗದಲ್ಲಿ, ಅದೆಷ್ಟೋ ಭಾನುವಾರ ಬೆರಳೆತ್ತಿದ್ದೇನೆ.

ಆಗ ನಾವು ಗಣಿಯ ಸಾಲುಮನೆಯಲ್ಲಿದ್ದೆವು. ಉದ್ದಕ್ಕೂ ಒಂದೇ ತಗಡಿನ ಸೂರು, ನಡುನಡುವೆ ಗೋಡೆ. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ನಮ್ಮ ಮನೆಯಲ್ಲಿ ಸೀನು. ಅಪ್ಪ ಗಣಿಯ ಸರ್ವೆ ಕೆಲಸದಲ್ಲಿ ಅಳತೆಯ ಸರಪಳಿ ಹಿಡಿಯುತ್ತಿದ್ದರು. ದಿನಾ ಪಾಳಿಯ ಹೊತ್ತಿಗೆ ಹತ್ತಾರು ಜನರ ಜೊತೆ, ಉಕ್ಕಿನ ಹಗ್ಗಕ್ಕೆ ತೂಗುವ ಕೇಜಿನಲ್ಲಿ ನಿಂತು ಭೂಮಿಯೊಳಗೆ ಇಳಿಯುತ್ತಿದ್ದರು. ಆ ಕೇಜನ್ನು ಮೇಲೆ ಕೂತು ಇಳಿಸುತ್ತಿದ್ದ ವೈಂಡಿಂಗ್ ಡ್ರೈವರೇ ನಮ್ಮ ಪಕ್ಕದ ಮನೆಯವರು. ನೆಂಟರೇನಲ್ಲ, ಬಂಗಾರಪೇಟೆ ಕಡೆಯ ಹಳ್ಳಿಯವರು. ಅಣ್ಣತಮ್ಮಂದಿರು ರಾಗಿ ಬೆಳೆದುಕೊಂಡಿದ್ದರು, ಇವರೊಬ್ಬರು ಗಣಿಗೆ ಬಂದಿದ್ದರು. ನಾನು ಮಾಮ ಎನ್ನುತ್ತಿದ್ದೆ.

ಮಾಮನ ಕೆಲಸವನ್ನು ನೆನೆದರೆ ನನಗೆ ಈಗಲೂ ಅಂಗೈ ಬೆವರುತ್ತದೆ. ಅವರಿಗೆ ಕೇಜು ಕಾಣುವುದಿಲ್ಲ. ಎಂಜಿನ್ ಮನೆಯಲ್ಲಿ ಕೂತವರ ಕಣ್ಣ ಮುಂದೆ ಆಳ ತೋರಿಸುವ ಒಂದು ಮುಳ್ಳು, ಕೈಯಲ್ಲಿ ಲಿವರು, ಕಿವಿಗೆ ಗಂಟೆ... ಅಷ್ಟೇ. ಕೆಳಗಿನವರು, ಗಣಿಬಾಯಿಯ ಹತ್ತಿರ ನಿಂತವರು ಗಂಟೆ ಬಡಿದು ಹೇಳಬೇಕು, ಇವರು ಎಣಿಸಿ ನಡೆಯಬೇಕು. ಕೇಜು ಓಡುತ್ತಿರುವಾಗ ಒಂದು ಗಂಟೆ ಬಿದ್ದರೆ ಅದಕ್ಕೆ ಒಂದೇ ಅರ್ಥ: ನಿಲ್ಲಿಸು. ಅಪ್ಪ ಹೇಳುತ್ತಿದ್ದರು, "ಅವನ್ ಕೈಯಾಗೆ ಲಿವರಿದ್ರೆ ಆಲು ತುಂಬಿದ ಚೊಂಬು ಇಡ್ಕೊಂಡು ಇಳೀಬೌದು. ಒಂದ್ ತೊಟ್ಟು ಚೆಲ್ಲಲ್ಲ."

ಹಗ್ಗ ಓಡುತ್ತಿರುವಾಗ ಡ್ರೈವರನ್ನು ಯಾರೂ ಮಾತಾಡಿಸಬಾರದು ಎಂಬುದು ಎಂಜಿನ್ ಮನೆಯ ಕಟ್ಟಳೆ. ಮಾಮ ಅದನ್ನು ಮನೆಗೂ ತಂದುಬಿಟ್ಟಿದ್ದರು. ಸೈಕಲ್ ತುಳಿಯುವಾಗ ಮಾತಿಲ್ಲ. ಸ್ಟವ್ ಉರಿಯುತ್ತಿದ್ದರೆ ಮಾತಿಲ್ಲ. ಬಾವಿಯಿಂದ ನೀರು ಸೇದುವಾಗ ಅತ್ತೆ, ಅಂದರೆ ಅವರ ಹೆಂಡತಿ, ಏನಾದರೂ ಕೇಳಿದರೆ ಕೊಡ ಮೇಲೆ ಬಂದು ಕಟ್ಟೆಯ ಮೇಲೆ ಕೂತ ನಂತರವೇ ಉತ್ತರ. "ಈವಪ್ಪಂಗೆ ಬಾಯೂ ಐತೆ, ಬ್ರೇಕೂ ಐತೆ," ಎಂದು ಅತ್ತೆ ಬೈಯುತ್ತಿದ್ದರು.

ಇಂಥ ಮನುಷ್ಯನ ಪಕ್ಕದ ಮನೆಗೆ ನಾನು ಆ ಸಂಗೀತವನ್ನು ತಂದೆ.

ನನ್ನ ಜೊತೆ ಡಿಗ್ರಿ ಓದುತ್ತಿದ್ದ ಆಂಗ್ಲೋ-ಇಂಡಿಯನ್ ಗೆಳೆಯನೊಬ್ಬನಿಗೆ ಇಂಗ್ಲೆಂಡಿನಲ್ಲಿದ್ದ ಅತ್ತೆ ಒಂದು ಕ್ಯಾಸೆಟ್ ಕಳಿಸಿದ್ದರು. ಅವನಿಗೆ ಅದು ಹಿಡಿಸಲಿಲ್ಲ. "ಬ್ಯಾಟ್ರಿ ವೀಕಾದಂಗೆ ಹಾಡ್ತಾರೆ ಮಚ್ಚಾ," ಎಂದು ನನಗೆ ಕಾಪಿ ಮಾಡಿಕೊಟ್ಟ. ಖಾಲಿ ಕ್ಯಾಸೆಟ್, ಮೇಲೆ ಹೆಸರಿಲ್ಲ. ಆ ಬ್ಯಾಂಡು ಯಾವುದು, ಎಷ್ಟು ಜನ, ಆ ಬಗೆಯ ಸಂಗೀತಕ್ಕೆ ಟ್ರಿಪ್-ಹಾಪ್ ಎಂಬ ಬಿಸ್ಕತ್ತಿನಂಥ ಹೆಸರಿದೆ ಎನ್ನುವುದೆಲ್ಲ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಈಗ ಹೆಸರು ಗೊತ್ತಿದ್ದೂ ಬರೆಯಲು ಮನಸ್ಸಿಲ್ಲ. ನಮ್ಮ ಸಾಲಿನಲ್ಲಿ ಅದಕ್ಕೆ ಬೇರೆ ಹೆಸರಿತ್ತು.

ಮೊದಲು ಬಂದದ್ದು ಸವೆದ ರೆಕಾರ್ಡಿನ ಚರಪರ ಸದ್ದು, ಬಹಳ ದೂರದ ಯಾರದೋ ಅಡುಗೆಮನೆಯಲ್ಲಿ ಸಾಸಿವೆ ಸಿಡಿದ ಹಾಗೆ. ನಮ್ಮ ಟೇಪಿನದೇ ದೋಷವೆಂದು ಗಾಬರಿಯಾಗಿ, ಕಾಂಪೌಂಡರ ಹತ್ತಿರ ಬೇಡಿ ತಂದ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಹೆಡ್ಡು ಉಜ್ಜಿದೆ. ಹೋಗಲಿಲ್ಲ. ಅದು ಅವರು ಬೇಕೆಂದೇ ಇಟ್ಟದ್ದು! ಕೊಳೆಯನ್ನು ಒರೆಸದೆ ಹಾಡಿನೊಳಗೆ ಕೂರಿಸಿದ ಜನರನ್ನು ನಾನು ಅದೇ ಮೊದಲು ಕಂಡದ್ದು. ಆಮೇಲೆ ಡ್ರಮ್ಮು. ಅಲ್ಲಿಯವರೆಗೆ ನಾನು ಕೇಳಿದ ಡ್ರಮ್ಮುಗಳೆಲ್ಲ ಬಸ್ಸು ತಪ್ಪಿಹೋಗುತ್ತದೆಂಬ ಅವಸರದಲ್ಲಿದ್ದವು. ಇದು ಬಸ್ಸು ಹೋದರೆ ಹೋಗಲಿ ಎಂದು ಕಲ್ಲುಬೆಂಚಿನ ಮೇಲೆ ಕೂತ ಡ್ರಮ್ಮು. ಅದರ ಅಡಿಯಲ್ಲಿ ಬೇಸ್, ನೆಲವೇ ಗಂಟಲು ಸರಿಮಾಡಿಕೊಂಡಂತೆ. ಎಲ್ಲಕ್ಕಿಂತ ಮೇಲೆ ಒಬ್ಬ ಹೆಂಗಸಿನ ಸಣ್ಣ ದನಿ. ಆಕೆ ಅಳುವುದಿಲ್ಲ, ಕಿರುಚುವುದಿಲ್ಲ. ಹಾಡಿದ್ದಕ್ಕಿಂತ ಹೆಚ್ಚನ್ನು ಒಳಗೇ ಉಳಿಸಿಕೊಂಡವಳ ಹಾಗೆ ಹಾಡುತ್ತಾಳೆ. ಒಂದು ಮಾತೂ ಅರ್ಥವಾಗಲಿಲ್ಲ. ಆಮೇಲೆ ಅರ್ಥವಾದದ್ದರಿಂದ ಹೆಚ್ಚೇನೂ ಬದಲಾಗಲೂ ಇಲ್ಲ. ಕ್ಯಾಸೆಟ್ಟಿನ ಒಂದು ಮಗ್ಗುಲು ಮುಗಿಯುವ ಹೊತ್ತಿಗೆ ನನ್ನ ಚಹಾ ತಣ್ಣಗಾಗಿ ಕೆನೆಗಟ್ಟಿತ್ತು. ಚಹಾ ಕುಡಿಯಲು ಮರೆಯುವ ಜಾತಿಯವನಲ್ಲ ನಾನು.

ಆ ಬೇಸ್ ಸಾಲದೆಂದು ರಾಬರ್ಟ್‌ಸನ್‌ಪೇಟೆಯ ರೇಡಿಯೋ ರಿಪೇರಿ ಅಂಗಡಿಯಿಂದ ಹಳೆಯ ಸ್ಪೀಕರೊಂದನ್ನು ತಂದು, ಹೊಸ ಮಡಕೆಯ ಬಾಯಿಗೆ ಬೋರಲು ಕೂರಿಸಿ, ಅದನ್ನು ಗೋಡೆಯ ಗೂಡಿನಲ್ಲಿಟ್ಟೆ. ಮಡಕೆಯೊಳಗೆ ಸದ್ದು ದಪ್ಪಗಾಗುತ್ತದೆ. ಇದು ನಮ್ಮ ಕಡೆಯ ಹುಡುಗರಿಗೆಲ್ಲ ಗೊತ್ತಿದ್ದ ವಿದ್ಯೆ. ಆ ಗೂಡಿನ ಆಚೆಬದಿಗೆ ಸರಿಯಾಗಿ ಮಾಮನ ಮನೆಯ ಪಾತ್ರೆ ಹಲಗೆಯಿದೆ ಎಂಬುದೊಂದು ನನಗೆ ಹೊಳೆಯಲಿಲ್ಲ.

ಗಣಿಯ ಊರಿನಲ್ಲಿ ಪಾತ್ರೆಗಳು ತಾವಾಗಿ ಗಲಗಲ ಎಂದರೆ ಯಾರೂ ಬೆಕ್ಕನ್ನು ಹುಡುಕುವುದಿಲ್ಲ. ಕೆಳಗೆ ಬಂಡೆ ಸಿಡಿದಿದೆ ಎಂದೇ ಲೆಕ್ಕ. ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ಮನೆ ಬಿಟ್ಟು ಹೊರಗೆ ಬರಬೇಕು, ಗಣಿಬಾಯಿಯ ಕಡೆ ನೋಡಬೇಕು. ನಾನು ಟೇಪ್ ಹಾಕಿದ ಐದೇ ನಿಮಿಷಕ್ಕೆ ಮಾಮ ಅರ್ಧ ಮುಖಕ್ಕೆ ಸೋಪು ಮೆತ್ತಿಕೊಂಡೇ ಬೀದಿಗೆ ಬಂದಿದ್ದರು. ಹಿಂದೆ ಅತ್ತೆ. ಅತ್ತೆಯನ್ನು ನೋಡಿ ಆಚೆ ಸಾಲಿನ ಹೆಂಗಸರು ತಮಿಳಿನಲ್ಲಿ ಮುರುಗನನ್ನು ಕರೆಯುತ್ತ ಹೊರಬಂದರು. ಎಲ್ಲರೂ ಗಣಿಬಾಯಿಯ ಕಡೆ ಮುಖ ಮಾಡಿ ನಿಂತಿದ್ದಾಗ ಹಾಡು ಮುಗಿಯಿತು, ಪಾತ್ರೆಯೂ ಸುಮ್ಮನಾಯಿತು. ಮತ್ತೊಂದು ಹಾಡು ಶುರುವಾಯಿತು, ಪಾತ್ರೆಯೂ ಶುರುವಾಯಿತು.

ಮಾಮ ನಿಧಾನಕ್ಕೆ ತಿರುಗಿ ನಮ್ಮ ಬಾಗಿಲನ್ನು ನೋಡಿದರು. ನಾನು ಕೆನ್ನೆ ಸಿದ್ಧಮಾಡಿಕೊಂಡೆ.

ಒಳಗೆ ಬಂದವರು ಮಡಕೆಯ ಮುಂದೆ ನಿಂತರು. ಅಂಗೈ ಎತ್ತಿ ಅದರ ಹೊಟ್ಟೆಯ ಮೇಲಿಟ್ಟರು. ಸೋಪು ಒಣಗಿ ಬಿರುಕು ಬಿಡುವವರೆಗೂ ಹಾಗೇ ನಿಂತಿದ್ದರು. ಹಾಡು ಮುಗಿದ ಮೇಲೆ, ಟೇಪ್ ನಿಂತ ಮೇಲೆ, ಬಾಯಿ ಬಿಟ್ಟರು.

"ಇಳೀತಾ ಐತೆ ಕಣ್ಲಾ ಇದು."

"ಏನು ಮಾಮ?"

"ಇದು ಮ್ಯಾಲಕ್ಕೋಗೋ ಆಡಲ್ಲ. ಕೆಳಕ್ಕೆ ಇಳೀತೈತೆ. ನೀಟಾಗಿ ಇಳಿಸ್ತಾವ್ನೆ ಯಾರೋ, ಒಂದ್ ಜಗ್ಗಿಲ್ಲ, ಒಂದ್ ಕುಲುಕಿಲ್ಲ. ಇನ್ನೊಂದ್ ಸಲಿ ಆಕು."

ಅಂದಿನಿಂದ ಅದು ಇಳಿಯೋ ಕ್ಯಾಸೆಟ್ಟು. ರಜೆಯ ಭಾನುವಾರ ಬೆಳಿಗ್ಗೆ ಮಾಮ ತಮ್ಮ ಸ್ಟೂಲು ತಾವೇ ಎತ್ತಿಕೊಂಡು ಬರುತ್ತಿದ್ದರು. ಹಗ್ಗ ಓಡುವಾಗಿನ ಕಟ್ಟಳೆಯೇ ಟೇಪ್ ಓಡುವಾಗಲೂ. ನಾನು ಮಧ್ಯೆ ಕೆಮ್ಮಿದರೆ ಹುಬ್ಬು ಏಳುತ್ತಿತ್ತು. ಮುಗಿದ ಮೇಲೆ ಮಾತ್ರ ಎರಡು ಮಾತು. "ಆ ಡೋಲಿನೋನು ಕೆಲ್ಸ ಗೊತ್ತಿರೋನು. ಅವಸರ ಬೀಳಲ್ಲ." ಒಂದು ದಿನ ಹೆಂಗಸಿನ ದನಿಯ ಬಗ್ಗೆ ಹೇಳಿದರು: "ಆಯಮ್ಮ ಮ್ಯಾಲೆ ನಿಂತವ್ಳೆ. ಯಾರೋ ಕೆಳಗಿಳಿದವ್ನೆ, ಅವ್ನ್ಗೆ ಕಾಯ್ತಾವ್ಳೆ." ಆ ಬ್ಯಾಂಡಿನ ಬಗ್ಗೆ ಆಮೇಲೆ ನಾನು ಇಂಗ್ಲಿಷಿನಲ್ಲಿ ಎಷ್ಟೋ ದೊಡ್ಡ ದೊಡ್ಡ ಲೇಖನಗಳನ್ನು ಓದಿದೆ. ಇಷ್ಟು ಚೆನ್ನಾಗಿ ಯಾರೂ ಹೇಳಿಲ್ಲ.

ಎರಡನೇ ಮಗ್ಗುಲಿನ ಮೂರನೇ ಹಾಡಿನಲ್ಲಿ ಒಂದು ಜಾಗವಿದೆ. ಡ್ರಮ್ಮು, ಬೇಸ್, ಪಿಟೀಲುಗಳೆಲ್ಲ ಒಟ್ಟಿಗೆ ಸಾಗುತ್ತಿರುವಾಗ ಸಣ್ಣದೊಂದು ಗಂಟೆ ಬೀಳುತ್ತದೆ. ಒಂದೇ ಸಲ. ಬಿದ್ದ ಕೂಡಲೇ ಎಲ್ಲವೂ ನಿಂತುಬಿಡುತ್ತದೆ. ಎರಡು ಉಸಿರಿನಷ್ಟು ಹೊತ್ತು ಬರೀ ಚರಪರ. ಮತ್ತೆ ಇಳಿಯುವುದು ಶುರು. ಕೇಳಿದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತಿತ್ತು. ಈ ಜಾಗ ಮಾಮನಿಗೆಂದೇ ಮಾಡಿದ್ದು ಅನಿಸುತ್ತಿತ್ತು. ಒಂದು ಭಾನುವಾರ ಜಂಬ ತಡೆಯಲಾರದೆ ಹಾಡು ಮುಗಿದ ಕೂಡಲೇ ಹೇಳಿದೆ:

"ಒಂದು ಗಂಟೆ ಹೊಡೆದ್ರು, ಎಲ್ಲಾ ನಿಂತೋಯ್ತು. ನಿಮ್ಮ ಎಂಜಿನ್ ಮನೆ ಥರಾನೇ ಅಲ್ವಾ ಮಾಮ?"

"ಯಾವ ಗಂಟೆ?"

ತಮಾಷೆ ಎಂದುಕೊಂಡೆ. ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆ. ಅವರ ಮುಖ ನೋಡುತ್ತಿದ್ದೆ. ಗಂಟೆ ಬಿತ್ತು. ಅವರ ಮುಖದಲ್ಲಿ ಏನೂ ಆಗಲಿಲ್ಲ. ಬೇಸ್ ನಿಂತಾಗ ಮಾತ್ರ ಮಡಕೆಯ ಮೇಲಿದ್ದ ಕೈ ಅಲುಗಿತು. ಮೂರನೇ ಸಲ ವಾಲ್ಯೂಮು ಏರಿಸಿ ಹಾಕಿದೆ. ಪಾತ್ರೆಗಳು ಗಲಗಲ ಎಂದವು.

"ಹಿಂದ್ಗಡೆ ಚರಪರ ಅಂತ ಬರುತ್ತಲ್ಲ, ಅದಾದ್ರೂ..." ಎಂದೆ.

"ಚರಪರ ಎಲ್ಲೈತೆ?"

ನಾನು ಟೇಪ್ ನಿಲ್ಲಿಸಿದೆ. ಏನೂ ಓಡುತ್ತಿರಲಿಲ್ಲ, ಆದರೂ ಅವರು ಮಾತಾಡಲಿಲ್ಲ. ಕಡೆಗೆ ತಮಗೆ ತಾವೇ ಹೇಳಿಕೊಳ್ಳುವಂತೆ ಅಂದರು: "ಎಂಜಿನ್ ಮನೆನಾಗೆ ಫಿಟ್ಟರ್‌ಗೆ ಏಳಿ ಗಂಟೆ ಅತ್ರಕ್ಕೆ ಆಕುಸ್ಕೊಂಡೆ. ಒಂದ್ ಸಲಿ ಅಲ್ಲ, ಎಲ್ಡ್ ಸಲಿ. ಯಾಕ್ ಆಕುಸ್ಕೊಂಡೆ ಅಂತ ನಂಗೇ ಗೊತ್ತಿರ್ಲಿಲ್ಲ ನೋಡು." ಎದ್ದು ಸ್ಟೂಲು ತೆಗೆದುಕೊಂಡರು. ಬಾಗಿಲಲ್ಲಿ ನಿಂತು ಕೇಳಿದರು, "ನಾಳೆ ನಿಮ್ಮಪ್ಪ ಬೆಳಿಗ್ಗೆ ಪಾಳೀನಾ?"

"ಹೂಂ ಮಾಮ."

ತಲೆಯಾಡಿಸಿ ಹೋದರು.

ಚಿಂತೆ ಎಂಬ ಕಸುಬನ್ನು ನಾನು ಶಾಸ್ತ್ರೋಕ್ತವಾಗಿ ಆರಂಭಿಸಿದ್ದು ಅವತ್ತು. ಅಪ್ಪನಿಗೆ ಹೇಳಿದರೆ ಮಾಮನ ಕೈಯಿಂದ ಲಿವರು ಹೋಗುತ್ತದೆ. ಹೇಳದಿದ್ದರೆ, ನಾಳೆ ಒಂದು ಗಂಟೆ ಬಿದ್ದು ಅದು ಕೇಳಿಸದಿದ್ದರೆ, ಅಪ್ಪ... ಅಪ್ಪನೊಬ್ಬರೇ ಅಲ್ಲ, ಕೇಜು ತುಂಬ ಜನ. ಧೈರ್ಯವಿರುವವನು ಎರಡರಲ್ಲೊಂದು ಮಾಡುತ್ತಿದ್ದ. ನಾನು ಸೋಮವಾರ ಬೆಳಿಗ್ಗೆ ಹೊಟ್ಟೆನೋವು ಮಾಡಿದೆ. ಚಾಪೆಯ ಮೇಲೆ ಹೊರಳಾಡಿ, "ಇವತ್ತೊಂದಿನ ಓಗಬೇಡಪ್ಪಾ" ಎಂದು ಅತ್ತೂಬಿಟ್ಟೆ. ಇಪ್ಪತ್ತು ವರ್ಷದ ಗಂಡಸು! ಅಪ್ಪ ಓಮದ ನೀರು ಕುಡಿಸಿ, "ಬಂಡೆ ಅಂಗೆ ಅವ್ನೆ, ನಾಟ್ಕ ಆಡ್ತಾನೆ" ಎಂದು ಅಮ್ಮನಿಗೆ ಹೇಳಿ, ತಿಂಡಿಡಬ್ಬಿ ಹಿಡಿದು ಹೊರಟೇಬಿಟ್ಟರು.

ಸೈಕಲ್ ತೆಗೆದುಕೊಂಡು ಹಿಂದೆಯೇ ಹೋದೆ. ಹೋಗಿ ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಎಂಜಿನ್ ಮನೆ ತಲುಪುವ ಹೊತ್ತಿಗೆ ಗಣಿಬಾಯಿಯ ಮೇಲಿನ ಚಕ್ರ ತಿರುಗುತ್ತಿತ್ತು, ಹಗ್ಗ ಓಡುತ್ತಿತ್ತು. ಅಂದರೆ ಅಪ್ಪ ಇಳಿಯುತ್ತಿದ್ದರು. ಕಿಟಕಿಯ ಹತ್ತಿರ ಓಡಿ ಇಣುಕಿದೆ. ಲಿವರಿನ ಮುಂದೆ ಕೂತಿದ್ದವರು ಮಾಮ ಅಲ್ಲ.

ಮಾಮ ಹೊರಗೆ, ಗೋಡೆಯ ಬುಡದ ಕಲ್ಲಿನ ಮೇಲೆ ಕೂತಿದ್ದರು. ಒಗೆದ ಖಾಕಿ, ಪಕ್ಕದಲ್ಲಿ ತೆರೆಯದ ತಿಂಡಿಡಬ್ಬಿ. ನನ್ನನ್ನು ಕಂಡರೂ ಮಾತಾಡಲಿಲ್ಲ. ಹಗ್ಗ ಓಡುತ್ತಿತ್ತಲ್ಲ. ಚಕ್ರ ನಿಧಾನವಾಗಿ, ನಿಧಾನವಾಗಿ... ನಿಂತಿತು.

"ಒಳಗಿಲ್ವಾ ಮಾಮ?"

"ಕಿವಿ ಇರೋನು ಒಳಗವ್ನೆ."

"ಏನಂದ್ರಿ ಎಂಜಿನಿಯರ್ ಸಾಹೇಬರಿಗೆ?"

"ಒಂದ್ ಗಂಟೆ ಕೇಳುಸ್ಲಿಲ್ಲ ಸಾರ್ ಅಂದೆ. ಎಲ್ಲಿ, ಯಾವಾಗ ಅಂತ ಗಾಬ್ರಿ ಬಿದ್ರು. ಕ್ಯಾಸೆಟ್‌ನಾಗೆ ಅಂದೆ. ನಕ್ರು. ನಗ್ಲಿ ಅಂತ ಬುಟ್ಟೆ. ಆಮ್ಯಾಕೆ ಗೋಡೆ ಕಡೆ ತಿರುಕ್ಕೊಂಡು, ಟೀ ಲೋಟಕ್ಕೆ ಚಮ್ಚದಾಗೆ ಬಡೀರಿ ಸಾರ್, ಎಷ್ಟು ಅಂತ ಏಳ್ತೀನಿ ಅಂದೆ." ಡಬ್ಬಿಯ ಮುಚ್ಚಳವನ್ನು ಬೆರಳಿನಿಂದ ಸವರಿದರು. "ಎಷ್ಟ್ ಬಡಿದ್ರೋ ಗೊತ್ತಿಲ್ಲ. ತಿರುಗಿ ನೋಡಿದ್ರೆ ನಗ್ತಿರ್ಲಿಲ್ಲ."

ನನ್ನ ಜಂಬಕ್ಕೆ, ನನ್ನ ಮಡಕೆಗೆ, ಇಂಗ್ಲೆಂಡಿನ ಅತ್ತೆಗೆ ಎಲ್ಲಕ್ಕೂ ಶಾಪ ಹಾಕಿಕೊಂಡೆ. ಮಾಮ ಅದನ್ನು ನನ್ನ ಮುಖದಲ್ಲಿ ಕಂಡಿರಬೇಕು.

"ಒಳ್ಳೆ ಕೆಲ್ಸಗಾರ್ರು ಕಣ್ಲಾ ಅವ್ರು," ಎಂದರು. "ಎಲ್ಲೋ ಸೀಮೆನಾಗೆ ಕೂತ್ಕೊಂಡು ಊರಿಗಾಂಗೆ ಸಿಗ್ನಲ್ ಕೊಟ್ರು ನೋಡು." ಆಮೇಲೆ ಎದ್ದು ಪ್ಯಾಂಟು ಕೊಡವಿಕೊಳ್ಳುತ್ತ, "ಒಟ್ಟೆನೋವು ವಾಸಿ ಆಯ್ತಾ? ನಿಮ್ಮಪ್ಪ ಏಳ್ತಾ ಇದ್ದ," ಎಂದರು.

ಅವರನ್ನು ದೀಪದ ಕೋಣೆಗೆ ಹಾಕಿದರು. ಇಳಿಯುವವರಿಗೆಲ್ಲ ತಲೆದೀಪ ಕೊಡುವುದು, ಹತ್ತಿ ಬಂದವರಿಂದ ವಾಪಸು ಪಡೆಯುವುದು. ಸಾಲಿನಲ್ಲಿ ಕೆಲವರು ಅಯ್ಯೋ ಎಂದರು, ಕೆಲವರು ಬಾಯಿ ಮುಚ್ಚಿಕೊಂಡು ರಿಟೈರಾಗುವವರೆಗೆ ತಳ್ಳಬಹುದಿತ್ತು ಎಂದರು. ಮಾಮನಿಗೆ ಅದೂ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ.

ಮುಂದಿನ ಭಾನುವಾರ ಬರಲಾರರು ಎಂದುಕೊಂಡು ಮಡಕೆಯನ್ನು ಅಟ್ಟಕ್ಕೆ ಸೇರಿಸಿದ್ದೆ. ಸ್ಟೂಲು ಹಿಡಿದು ಬಂದರು. "ಎಲ್ಲೈತ್ಲಾ ಮಡ್ಕೆ?" ಎಂದರು. ಇಳಿಸಿದೆ. ಕ್ಯಾಸೆಟ್ ಹಾಕುವ ಮುಂಚೆ ಹೇಳಿದರು, "ಗಂಟೆ ಬಂದಾಗ ಬೆಳ್ಳು ಎತ್ತು."

ಎತ್ತಿದೆ. ಅವರ ಬಲಗೈ, ಅಲ್ಲಿಲ್ಲದ ಲಿವರನ್ನು ಹಿಡಿದು, ಹಿಂದಕ್ಕೆ ಬಂತು. ಹಾಡು ನಿಂತಿತು. ಆ ಎರಡು ಉಸಿರಿನ ಮೌನ ನನಗೆ ಚರಪರ ಸದ್ದಿನ ಮೌನ. ಅವರಿಗೆ ಏನೂ ಇಲ್ಲದ ಮೌನ. ಮಡಕೆ ಮತ್ತೆ ಗುನುಗಿದ ಕೂಡಲೇ ಕೈ ಮೆಲ್ಲಗೆ ಮುಂದಕ್ಕೆ ಹೋಯಿತು. ಒಂದು ಜಗ್ಗಿಲ್ಲ, ಒಂದು ಕುಲುಕಿಲ್ಲ. ನಾನು ಆಮೇಲೆ ಎಷ್ಟೋ ದೊಡ್ಡ ವಿದ್ವಾಂಸರ ಕಛೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದೇನೆ. ಆ ಭಾನುವಾರಗಳಲ್ಲಿ ಕಂಡಂಥ ಕೇಳುವಿಕೆಯನ್ನು ಮತ್ತೆ ಕಂಡಿಲ್ಲ.

ಗಣಿ ಮುಚ್ಚಿತು. ಮಾಮ ಹಳ್ಳಿಗೆ ಹೋದರು, ಅಣ್ಣತಮ್ಮಂದಿರ ಜೊತೆ ಹಸು ಕಟ್ಟಿಕೊಂಡರು. ಹೋಗುವಾಗ ಮಡಕೆ ಕೇಳಿದರು, ಕೊಟ್ಟೆ. ಒಂದೆರಡು ಸಲ ನಾನೂ ಕ್ಯಾಸೆಟ್ ಹಿಡಿದು ಹೋಗಿದ್ದೆ. ಆಮೇಲೆ ನನ್ನ ಕೆಲಸ, ಮದುವೆ, ಚಿಂತೆಗಳು... ಮಾಮ ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಹನ್ನೊಂದನೇ ದಿನ ಕಳೆದ ಮೇಲೆ. ಹೋದಾಗ ಅತ್ತೆ ಆ ಮಡಕೆಯಿಂದಲೇ ನೀರು ಮೊಗೆದು ಕೊಟ್ಟರು. ತಂಪಾಗಿತ್ತು.

ಈಗ ಆ ಬ್ಯಾಂಡಿನ ಮಕ್ಕಳು ಮೊಮ್ಮಕ್ಕಳು ಎಲ್ಲೆಲ್ಲೂ ಇದ್ದಾರೆ. ಸಿನಿಮಾದಲ್ಲಿ ಪೊಲೀಸಿನವನು ಯೋಚಿಸುತ್ತ ಕಾರು ಓಡಿಸಿದರೆ ಹಿಂದೆ ಅದೇ ಡ್ರಮ್ಮು. ಸೀರೆಯ ಜಾಹೀರಾತಿನಲ್ಲೂ ಅದೇ ಚರಪರ. ಯಾರಿಗೂ ಯಾರ ಮನೆಯ ಮಕ್ಕಳೆಂದು ಗೊತ್ತಿಲ್ಲ. ಮೂಲದವರು ಮಾತ್ರ ಇವತ್ತಿಗೂ ಹಾಗೇ ಇದ್ದಾರೆ. ಒಂದು ದಿನವೂ ಹಳಬರಾಗಿಲ್ಲ, ಒಂದು ಹೆಜ್ಜೆ ಅವಸರ ಮಾಡಿಲ್ಲ.

ಪರೀಕ್ಷೆ ಮುಗಿಸಿ ಆ ಹುಡುಗಿ ನನಗೊಂದು ಹಾಳೆ ಕೊಟ್ಟಳು. ಗೆರೆ ಎಡಗಡೆ ನೆಟ್ಟಗಿದ್ದು, ಬಲಕ್ಕೆ ಹೋಗುತ್ತ ಇಳಿದಿತ್ತು. "ವಯಸ್ಸಿಗೆ ಸಹಜ ಸಾರ್. ಸಣ್ಣ ಶಬ್ದಗಳು ಸ್ವಲ್ಪ ಹೋಗಿವೆ. ದಪ್ಪ ಶಬ್ದ ಚೆನ್ನಾಗಿದೆ." ಗಡ್ಡೆ ಇಲ್ಲವಂತೆ. ಸಂತೋಷಪಡಬೇಕಿತ್ತು.

ಮನೆಗೆ ಬಂದು ಫೋನಿನಲ್ಲಿ ಆ ಹಾಡು ಹುಡುಕಿ, ಮಗಳ ಸ್ಪೀಕರಿಗೆ ಜೋಡಿಸಿದೆ. ಹೆಂಡತಿ ಎದುರಿಗೆ ಕೂತು ಅವರೆಕಾಳು ಹಿಸುಕುತ್ತಿದ್ದಳು. "ಒಂದು ಸಣ್ಣ ಗಂಟೆ ಬರುತ್ತೆ. ಬಂದ ಕೂಡ್ಲೇ ಬೆರಳೆತ್ತು," ಎಂದೆ. "ಏನ್ ಗ್ರಾಚಾರ," ಎಂದಳು, ಆದರೂ ಕಿವಿಗೊಟ್ಟಳು. ಹಾಡು ಇಳಿಯತೊಡಗಿತು. ಆ ಜಾಗ ಹತ್ತಿರ ಬಂತು. ಗಂಟೆ ಬಿತ್ತು. ನಾನು ಸ್ಪಷ್ಟವಾಗಿ ಕೇಳಿದೆ, ಎದೆ ಹಗುರಾಯಿತು. ಅವಳನ್ನು ನೋಡಿದೆ. ಬೆರಳು ಎತ್ತಿರಲಿಲ್ಲ. ಕಾಳು ಹಿಸುಕುತ್ತಲೇ ಇದ್ದಳು. ಡ್ರಮ್ಮು ಇನ್ನೂ ಓಡುತ್ತಿತ್ತು...

ಎರಡು ಕ್ಷಣ ಕಳೆದು, ನನಗೆ ಏನೂ ಕೇಳಿಸದ ಒಂದು ಜಾಗದಲ್ಲಿ, ಅವಳು ಒದ್ದೆ ಬೆರಳನ್ನು ಮೇಲಕ್ಕೆತ್ತಿದಳು.

ನಾನು ಕೇಳಿದ್ದು ನೆನಪಿನ ಗಂಟೆ. ಎಷ್ಟು ವರ್ಷದಿಂದ ಅದನ್ನೇ ಕೇಳುತ್ತಿದ್ದೆನೋ. ಯಾರನ್ನು ಕೇಳುವುದು? ಕೇಳಬೇಕಾದವರು ಇಲ್ಲ. ನನ್ನ ಬಲಗೈ ಮಾತ್ರ ತಾನಾಗಿ ಹಿಂದಕ್ಕೆ ಬಂದಿತ್ತು. ಎಲ್ಲವೂ ನಿಂತಿತು.

"ಏನ್ರೀ ಅದು ಕೈ?" ಎಂದಳು ಹೆಂಡತಿ.

ಹಾಡು ಇನ್ನೂ ಮುಗಿದಿರಲಿಲ್ಲ. ನಾನು ಮಾತಾಡಲಿಲ್ಲ.